ಹಳೇ ಸ್ಪೈಡರ್‌ಮ್ಯಾನ್: ದುಡ್ಡು ಖಳನಿಗೆ, ಮನಸ್ಸು ಮುಖಪುಟಕ್ಕೆ

ಹಳೇ ಸೂಪರ್‌ಹೀರೋ ಕಾಮಿಕ್ಸಿನ ಬೆಲೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಈ ಸಂಚಿಕೆಯಲ್ಲಿ ಮೊದಲ ಸಲ ಕಾಣಿಸಿಕೊಂಡವರು ಯಾರು? ಕಥೆ ಸಪ್ಪೆಯಾಗಿರಲಿ, ಚಿತ್ರ ಅವಸರದ್ದಾಗಿರಲಿ, ಹೊಸ ಖಳನೊಬ್ಬ ಒಳಗೆ ಕಾಲಿಟ್ಟಿದ್ದರೆ ಸಾಕು, ಬೆಲೆ ಗಗನಕ್ಕೇರುತ್ತದೆ. ಈ ಲೆಕ್ಕಾಚಾರ ಅರ್ಧ ಮಾತ್ರ ಸರಿ ಅನ್ನುವುದು ನನ್ನ ವಾದ. ದಿನಾ ಕಣ್ಣಿಗೆ ಬೀಳುವುದು ಮುಖಪುಟ. ಒಳ್ಳೆಯ ಮುಖಪುಟಕ್ಕೂ ಮೊದಲ ಪ್ರವೇಶಕ್ಕೂ ನಂಟು ಇರಲೇಬೇಕೆಂದಿಲ್ಲ. ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ ಮೊದಲ ಹತ್ತು ವರ್ಷಗಳನ್ನೇ ತೆಗೆದುಕೊಳ್ಳಿ.

ಗ್ರೀನ್ ಗಾಬ್ಲಿನ್ ಎಂಬ ಖಳ ಬಂದದ್ದು 14ನೇ ಸಂಚಿಕೆಯಲ್ಲಿ, ಜುಲೈ 1964. ಆ ಗಾಬ್ಲಿನ್ ಮುಂದೆ ನಾವು ಕಂಡ ಗಾಬ್ಲಿನ್ ಅಲ್ಲ. ಇಲ್ಲಿ ಅವನು ಹಾರುವ ಪೊರಕೆಯ ಮೇಲೆ ಕೂತು ಬರುತ್ತಾನೆ. ಗ್ಲೈಡರ್ ಬರುವುದು 17ರಲ್ಲಿ. ಸಿನಿಮಾ ತೆಗೆಯುವ ನೆಪದಲ್ಲಿ ಸ್ಪೈಡರ್‌ಮ್ಯಾನ್‌ನನ್ನು ಬಲೆಗೆ ಬೀಳಿಸುವ ಕಥೆ, ಜೊತೆಗೆ ಎನ್‌ಫೋರ್ಸರ್ಸ್ ಎಂಬ ರೌಡಿ ಗುಂಪು, ಅದೂ ಸಾಲದೆಂಬಂತೆ ಗುಹೆಯೊಳಗೆ ಹಲ್ಕ್. ಸ್ಟೀವ್ ಡಿಟ್ಕೊ ಅವರ ಮುಖಪುಟದಲ್ಲೂ ಇದೇ ನೂಕುನುಗ್ಗಲು. ಈಗ ಇದನ್ನು ಆಗಸ್ಟ್ 1966ರ 39ನೇ ಸಂಚಿಕೆಯ ಪಕ್ಕ ಇಡಿ. ಮುಖವಾಡ ಕಳಚಿದ, ಬಟ್ಟೆ ಹರಿದು ಒಳಗಿನ ವೇಷ ಕಾಣುತ್ತಿರುವ ಪೀಟರ್ ಪಾರ್ಕರ್‌ನನ್ನು ಕಟ್ಟಿಹಾಕಿ ಗಾಬ್ಲಿನ್ ಗಾಳಿಯಲ್ಲಿ ಎಳೆದೊಯ್ಯುತ್ತಿದ್ದಾನೆ. ನಾಯಕನ ಗುಟ್ಟು ರಟ್ಟಾಯಿತು ಅನ್ನುವುದು ಒಂದಕ್ಷರ ಓದದೆಯೇ ತಿಳಿಯುತ್ತದೆ. ಗಾಬ್ಲಿನ್ ಬೇರಾರೂ ಅಲ್ಲ, ಪೀಟರ್‌ನ ಗೆಳೆಯನ ತಂದೆ ನಾರ್ಮನ್ ಆಸ್ಬಾರ್ನ್ ಎಂದು ಬಯಲಾಗುವುದೂ ಇದರಲ್ಲೇ. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ 39 ಕೊಳ್ಳಿ. 14ಕ್ಕೆ ಬೇಡುವ ದುಡ್ಡಿನ ಸಣ್ಣ ಪಾಲಿಗೇ ಸಿಗುತ್ತದೆ.

ಇದೇ ಸಂಚಿಕೆಯಿಂದ ಜಾನ್ ರೊಮಿಟಾ ಚಿತ್ರಕಾರರಾದರು. ಡಿಟ್ಕೊ 38ಕ್ಕೇ ಕೈಬಿಟ್ಟಿದ್ದರು. ಗಾಬ್ಲಿನ್ ಯಾರಾಗಬೇಕು ಅನ್ನುವ ಜಗಳಕ್ಕೇ ಡಿಟ್ಕೊ ಹೊರಟುಹೋದರು ಎಂಬ ಕಥೆಯನ್ನು ಸಂಗ್ರಾಹಕರು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ಆಸ್ಬಾರ್ನ್‌ನೇ ಗಾಬ್ಲಿನ್ ಎಂದು ತಾವು ಮೊದಲೇ ಯೋಚಿಸಿದ್ದಾಗಿ ಡಿಟ್ಕೊ ಅವರೇ ಮುಂದೆ ಬರೆದರು. ಪತ್ರಿಕೆಯ ಮಾಲೀಕ ಜೇಮ್ಸನ್‌ನ ಕ್ಲಬ್ಬಿನ ದೃಶ್ಯಗಳಲ್ಲಿ ವಿಚಿತ್ರ ಕೂದಲಿನ ಆ ಆಸ್ಬಾರ್ನ್ ಹೆಸರಿಲ್ಲದೆ ಕೂತಿರುವುದನ್ನು ಹಳೇ ಸಂಚಿಕೆ ತಿರುವಿದರೆ ನೀವೂ ನೋಡಬಹುದು. ಆ ದಂತಕಥೆಯನ್ನು ಇಲ್ಲಿಗೇ ಬಿಡೋಣ.

ಜುಲೈ 1967ರ 50ನೇ ಸಂಚಿಕೆಯಲ್ಲಿ ಭೂಗತ ದೊರೆ ಕಿಂಗ್‌ಪಿನ್ ಮೊದಲ ಸಲ ಬರುತ್ತಾನೆ. ಮುಖಪುಟದಲ್ಲಿ ಅವನಿಲ್ಲ! ಮುಂದೆ ಪೀಟರ್ ನಡೆದು ಬರುತ್ತಿದ್ದಾನೆ, ಹಿಂದೆ ಬೃಹತ್ ಸ್ಪೈಡರ್‌ಮ್ಯಾನ್ ಬೆನ್ನು ತಿರುಗಿಸಿ ಹೊರಟಿದ್ದಾನೆ, ಅಷ್ಟೇ. ಈ ಸಂಚಿಕೆಯ ಬೆಲೆಯನ್ನು ಏರಿಸಿದ್ದು ಖಳನೋ ಮುಖಪುಟವೋ ಅಂತ ಕೇಳಿದರೆ ನನ್ನ ಓಟು ರೊಮಿಟಾ ಅವರ ಆ ಚಿತ್ರಕ್ಕೆ. ಅದನ್ನು ಅನುಕರಿಸಿದ ಮುಖಪುಟಗಳು ಒಂದೆರಡಲ್ಲ.

ಇನ್ನು ಜೂನ್ 1973ರ 121. ಹತ್ತಿರದವರೊಬ್ಬರು ಸಾಯಲಿದ್ದಾರೆ ಅನ್ನುತ್ತಾ ಸ್ಪೈಡರ್‌ಮ್ಯಾನ್ ಧಾವಿಸುತ್ತಿದ್ದಾನೆ, ಸುತ್ತ ಪರಿಚಿತ ಮುಖಗಳ ಸಾಲು. ಸಾಯುವವರು ಯಾರು ಎಂದು ಮುಖಪುಟ ಹೇಳುವುದಿಲ್ಲ. ಕಥೆಯ ಶೀರ್ಷಿಕೆಯನ್ನೂ ಕೊನೇ ಪುಟದವರೆಗೆ ಮುಚ್ಚಿಟ್ಟಿದ್ದಾರೆ, ಏಕೆಂದರೆ ಸಾಯುವ ಗ್ವೆನ್ ಸ್ಟೇಸಿಯ, ಅಂದರೆ ಪೀಟರ್‌ನ ಪ್ರೇಯಸಿಯ ಹೆಸರು ಅದರಲ್ಲೇ ಇದೆ. ಗಾಬ್ಲಿನ್ ಅವಳನ್ನು ಸೇತುವೆಯ ಮೇಲಿಂದ ಬೀಳಿಸುತ್ತಾನೆ, ಸ್ಪೈಡರ್‌ಮ್ಯಾನ್ ಬಲೆ ಎಸೆದು ಹಿಡಿಯುತ್ತಾನೆ. ಜಾರ್ಜ್ ವಾಷಿಂಗ್ಟನ್ ಸೇತುವೆ ಎಂದು ಅಕ್ಷರದಲ್ಲಿ ಬರೆದು ಬ್ರೂಕ್ಲಿನ್ ಸೇತುವೆಯನ್ನು ಚಿತ್ರಿಸಿದ್ದು ಎಲ್ಲರಿಗೂ ಗೊತ್ತಿರುವ ಎಡವಟ್ಟು. ಅಸಲಿ ವಾದ ಇರುವುದು ಅವಳ ಕತ್ತಿನ ಬಳಿ ಬರೆದಿರುವ ‘ಸ್ನ್ಯಾಪ್’ ಎಂಬ ಸಣ್ಣ ಸದ್ದಿನ ಬಗ್ಗೆ. ಬಲೆ ಹಿಡಿಯುವ ಮೊದಲೇ ಬೀಳುವ ರಭಸಕ್ಕೆ ಸತ್ತಳು ಎಂದು ಗಾಬ್ಲಿನ್ ಅಣಕಿಸುತ್ತಾನೆ. ಬಲೆ ತಟ್ಟನೆ ತಡೆದ ಜಗ್ಗಿಗೇ ಕತ್ತು ಮುರಿಯಿತು ಎಂದು 125ರ ಪತ್ರ ವಿಭಾಗದಲ್ಲಿ ಮಾರ್ವೆಲ್ ಸಂಪಾದಕರೇ ಒಪ್ಪಿಕೊಂಡರು. ಗಾಬ್ಲಿನ್‌ನನ್ನು ಈ ಸರಣಿಯ ಅತಿ ದೊಡ್ಡ ಖಳ ಅನ್ನುವುದು ಈ ಕಾರಣಕ್ಕೆ: ಕೊಲೆ ಮಾಡಿದ್ದು ಅವನು, ಪಾಪ ಅಂಟಿದ್ದು ನಾಯಕನಿಗೆ. ಇನ್ನೊಬ್ಬ ಖಳ ಡಾಕ್ಟರ್ ಆಕ್ಟೋಪಸ್‌ನೇ ದೊಡ್ಡವನು ಅನ್ನುವವರು ಇದಕ್ಕೆ ಏನು ಉತ್ತರ ಕೊಡುತ್ತಾರೋ ನೋಡೋಣ. ಓದಿಗಷ್ಟೇ ಬೇಕಿದ್ದರೆ 121, 122ರ ಕಥೆಗಳು ‘ಮಾರ್ವೆಲ್ ಟೇಲ್ಸ್’ನ 98, 99ರಲ್ಲಿ ಮರುಮುದ್ರಣವಾಗಿವೆ, ಅಗ್ಗ.

ಮೊದಲ ಪ್ರವೇಶದಲ್ಲೂ ಒಂದು ತಕರಾರಿದೆ: ಇಣುಕಿ ಹೋದದ್ದು ಲೆಕ್ಕವೋ, ಪೂರ್ತಿ ಬಂದದ್ದು ಲೆಕ್ಕವೋ? ವೊಲ್ವರಿನ್ ‘ಇನ್‌ಕ್ರೆಡಿಬಲ್ ಹಲ್ಕ್’ 180ರ ಕೊನೇ ಪುಟದಲ್ಲಿ ಮುಖ ತೋರಿಸುತ್ತಾನೆ, ನವೆಂಬರ್ 1974ರ 181ರಲ್ಲಿ ಕಾದಾಡುತ್ತಾನೆ. ಮಾರುಕಟ್ಟೆ 181ರ ಪರ, ನಾನೂ ಅದರ ಪರ. ಉಗುರು ಚಾಚಿ ಹಲ್ಕ್ ಮೇಲೆ ಬೀಳುವ ವೊಲ್ವರಿನ್ 181ರ ಮುಖಪುಟದಲ್ಲೇ ಇದ್ದಾನೆ.

ಇಲ್ಲೇ ದುಡ್ಡು ಕಳೆದುಕೊಳ್ಳುವವರು ಜಾಸ್ತಿ. 1974-75ರ ಮಾರ್ವೆಲ್ ಸಂಚಿಕೆಗಳ ಪತ್ರ ವಿಭಾಗದಲ್ಲಿ ಕತ್ತರಿಸಿ ಅಂಟಿಸಿಕೊಳ್ಳಲೆಂದು ‘ವ್ಯಾಲ್ಯೂ ಸ್ಟಾಂಪ್’ ಎಂಬ ಚೌಕ ಚಿತ್ರ ಅಚ್ಚಾಗುತ್ತಿತ್ತು. 181ರಲ್ಲಿರುವುದು 54ನೇ ಸ್ಟಾಂಪು, ಕಾಡಿನ ನಾಯಕಿ ಶಾನಾಳದ್ದು. ಮಕ್ಕಳು ಹೇಳಿದಂತೆ ಕೇಳಿ ಕತ್ತರಿಸಿದರು. ಹೊರಗೆ ಎಷ್ಟೇ ಫಳಫಳ ಹೊಳೆಯಲಿ, ಆ ಚೌಕ ಇಲ್ಲದ ಪ್ರತಿಗೆ ಕಾಮಿಕ್ಸಿಗೆ ಹತ್ತರ ಲೆಕ್ಕದಲ್ಲಿ ದರ್ಜೆ ಕೊಡುವ ಸಿಜಿಸಿ ಕಂಪನಿಯವರು ಕೆಳಗಿನ ದರ್ಜೆ ಅಥವಾ ದೋಷವಿದೆ ಎಂದು ಸೂಚಿಸುವ ಹಸಿರು ಲೇಬಲ್ ಕೊಡುತ್ತಾರೆ, ಬೆಲೆಯ ದೊಡ್ಡ ಭಾಗ ಅಲ್ಲೇ ಕರಗುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಮುಖಪುಟದ ಹತ್ತು ಫೋಟೊಗಿಂತ ಪತ್ರ ವಿಭಾಗದ ಒಂದು ಫೋಟೊ ಕೇಳಿ. ಕೊಡಲು ಸತಾಯಿಸಿದರೆ ಬಿಟ್ಟುಬಿಡಿ.

ಪ್ರತಿ ಕೈಗೆ ಬಂದಾಗ ನೋಡುವ ಕ್ರಮ ಹೀಗೆ. ಮೊದಲು ಹಾಳೆ ಎಣಿಸಿ. ಈ ಕಾಲದ ಮಾಮೂಲಿ ಮಾರ್ವೆಲ್ ಸಂಚಿಕೆಯಲ್ಲಿ ಮುಖಪುಟ ಬಿಟ್ಟು 32 ಪುಟ, ಅಂದರೆ 16 ಹಾಳೆ. ಜಾಹೀರಾತಿನ ಕೂಪನ್ ಕತ್ತರಿಸಿದ್ದರೆ ಹಿಂಬದಿಯ ಕಥೆಯ ಚೌಕವೂ ಹೋಗಿರುತ್ತದೆ. ಆಮೇಲೆ ನಡುಹಾಳೆ ಎರಡೂ ಪಿನ್ನಿಗೆ ಕಚ್ಚಿಕೊಂಡಿದೆಯೇ ನೋಡಿ. ಒಂದರಿಂದ ಬಿಟ್ಟಿದ್ದರೂ ದರ್ಜೆ ಇಳಿಯುತ್ತದೆ. ಪಿನ್ನು ಹೊಸದಾಗಿ ಹೊಳೆಯುತ್ತಿದ್ದು ಸುತ್ತಲಿನ ಕಾಗದದಲ್ಲಿ ಹಳೇ ತುಕ್ಕಿನ ಗುರುತು ಇದ್ದರೆ ಯಾರೋ ಬದಲಿಸಿದ್ದಾರೆ.

ಬೆನ್ನಿನ ಅಂಚಿನಲ್ಲಿ ಬಣ್ಣ ಒಡೆದ ಸಣ್ಣ ಬಿಳಿ ಗೀರುಗಳನ್ನು ಎಣಿಸಿ. ತಿಳಿ ಬಣ್ಣದ ಮುಖಪುಟದಲ್ಲಿ ಇವು ಕಾಣುವುದೇ ಇಲ್ಲ, ಕಪ್ಪಿನಲ್ಲಿ ಎದ್ದು ಕಾಣುತ್ತವೆ. ಸೆಪ್ಟೆಂಬರ್ 1965ರ 28ನೇ ಸಂಚಿಕೆ, ಮೋಲ್ಟನ್ ಮ್ಯಾನ್ ಬರುವುದು, ಮೇಲ್ದರ್ಜೆಯಲ್ಲಿ ಸಿಗುವುದು ಅಪರೂಪ. ಕಾರಣ ಅದರ ಕಪ್ಪು ಮುಖಪುಟ. ಹಾಗಾಗಿ ಕಪ್ಪು ಮುಖಪುಟ ಅತಿ ಚೊಕ್ಕವಾಗಿದ್ದರೆ ಖುಷಿಪಡುವ ಮುಂಚೆ ಅನುಮಾನಪಡಿ. ಕಪ್ಪು ಮಾರ್ಕರ್‌ನಲ್ಲಿ ಗೀರು ಮುಚ್ಚುವುದು ಹಳೇ ಚಾಳಿ. ಮುಖಪುಟದ ಒಳಬದಿಯನ್ನು ಬೆನ್ನಿನುದ್ದಕ್ಕೂ ನೋಡಿ: ಶಾಯಿ ಕಾಗದದಲ್ಲಿ ಇಳಿದು ಆಚೆಗೆ ಚುಕ್ಕೆ ಚುಕ್ಕೆಯಾಗಿ ಕಂಡಿರುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಇಟ್ಟರೆ ಅಸಲಿ ಅಚ್ಚಿನ ಬಣ್ಣ ಚುಕ್ಕಿಗಳಾಗಿ ಒಡೆಯುತ್ತದೆ, ಹಚ್ಚಿದ ಬಣ್ಣ ಒಂದೇ ಸಮ ಹರಡಿರುತ್ತದೆ. ಕತ್ತಲೆಯಲ್ಲಿ ಅಲ್ಟ್ರಾವೈಲೆಟ್ ಟಾರ್ಚ್ ಹಿಡಿದರೆ ತೇಪೆ ಹಾಕಿದ ಹೊಸ ಕಾಗದ ನೀಲಿಯಾಗಿ ಬೆಳಗುತ್ತದೆ, ಹಳೇ ನ್ಯೂಸ್‌ಪ್ರಿಂಟ್ ಮಂಕಾಗಿಯೇ ಇರುತ್ತದೆ.

ದುರಸ್ತಿ ಸಿಕ್ಕಿಬಿದ್ದ ಪ್ರತಿಗೆ ಸಿಜಿಸಿಯಲ್ಲಿ ನೇರಳೆ ಲೇಬಲ್. ದುರಸ್ತಿಯಿಲ್ಲದ್ದಕ್ಕೆ ನೀಲಿ. ನೇರಳೆಯ 7.0ಗಿಂತ ನೀಲಿಯ 3.5 ವಾಸಿ, ಮುಂದೆ ಮಾರುವಾಗ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ದರ್ಜೆ ಕಡಿಮೆಯಿದ್ದರೂ ಬಣ್ಣ ಮಾಸದ, ಚಿತ್ರದ ನಡುವೆ ಮಡಿಕೆಯಿಲ್ಲದ ಪ್ರತಿಗಳಿರುತ್ತವೆ, ಹಿಂಬದಿಯ ಕಲೆಯಿಂದಲೋ ಬೆನ್ನಿನ ಸಣ್ಣ ಹರಕಿನಿಂದಲೋ ಅಂಕ ಬಿದ್ದಿರುತ್ತದೆ. ಮಧ್ಯಮ ವರ್ಗದ ಸಂಗ್ರಾಹಕ ಹುಡುಕಬೇಕಾದದ್ದು ಇಂಥವನ್ನೇ. ‘ಫ್ಯಾಕ್ಸಿಮಿಲಿ ಎಡಿಷನ್’ ಎಂದು ಮಾರ್ವೆಲ್‌ ತಾನೇ ಹಳೇ ಜಾಹೀರಾತು ಸಮೇತ ಮರುಮುದ್ರಿಸಿದ ಪ್ರತಿಗಳನ್ನೂ ಅಸಲಿ ಎಂದು ದಾಟಿಸುವವರಿದ್ದಾರೆ. ಪ್ರಕಾಶನ ವಿವರದ ಸಣ್ಣ ಅಕ್ಷರ ಓದಿದರೆ ಬಣ್ಣ ಬಯಲು.

ಇಟ್ಟುಕೊಳ್ಳುವ ವಿಷಯ. ನ್ಯೂಸ್‌ಪ್ರಿಂಟಿನಲ್ಲಿ ಲಿಗ್ನಿನ್ (ಕಾಗದವನ್ನು ಹಳದಿಗಟ್ಟಿಸುವ ಮರದ ಅಂಶ) ಮತ್ತು ಆಮ್ಲ ಎರಡೂ ಇವೆ. ಬಿಸಿಲು, ಶಾಖ, ತೇವ ಮೂರೂ ಹಳದಿಯಾಗುವುದನ್ನು ಜೋರು ಮಾಡುತ್ತವೆ. ಬೆಲೆಬಾಳುವುದಕ್ಕೆ 4 ಮಿಲ್ (ಇಂಚಿನ ಸಾವಿರದ ನಾಲ್ಕು ಭಾಗ) ದಪ್ಪದ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಚೀಲ, ಹಿಂದೆ ಆಮ್ಲರಹಿತ ರಟ್ಟು. 60ರ ದಶಕದ ಪ್ರತಿಗೆ ಅಂಗಡಿಯವರು ‘ಸಿಲ್ವರ್’ ಅನ್ನುವ ಅಳತೆಯದ್ದೇ ಬೇಕು, ಸುಮಾರು ಏಳೂಕಾಲು ಇಂಚು ಅಗಲದ ಚೀಲ. ಈಗಿನ ಅಳತೆಯದ್ದಕ್ಕೆ ತುರುಕಿದರೆ ಅಂಚು ಮಡಚುತ್ತದೆ. ಮಾಮೂಲಿ ಪಾಲಿಥಿನ್ ಚೀಲವನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಿ. ಚೀಲದ ಬಾಯಿಗೆ ಅಂಟಿಸಿದ ಟೇಪು ಪ್ರತಿ ಹೊರತೆಗೆಯುವಾಗ ಮುಖಪುಟಕ್ಕೆ ಕಚ್ಚಿ ಬಣ್ಣ ಕಿತ್ತು ತರುತ್ತದೆ. ಟೇಪನ್ನು ಮೊದಲು ಪೂರ್ತಿ ಕಿತ್ತು ಪಕ್ಕಕ್ಕಿಡಿ, ಆಮೇಲೆ ಕೈ ಹಾಕಿ.

ಬೆಂಗಳೂರಿನಲ್ಲಿ ಹೊರಗೋಡೆಗೆ ತಾಗಿಸದೆ, ನೆಲದಿಂದ ಮೇಲೆ ನೇರ ನಿಲ್ಲಿಸಿಟ್ಟರೆ ಹೆಚ್ಚೂಕಡಿಮೆ ಸಾಕು. ಪೆಟ್ಟಿಗೆ ಅರ್ಧ ಖಾಲಿಯಿದ್ದರೆ ಪ್ರತಿಗಳು ವಾಲಿ ಬೆನ್ನು ಬಾಗುತ್ತದೆ, ಹಾಗಾಗಿ ಖಾಲಿ ಜಾಗಕ್ಕೆ ಏನಾದರೂ ತುಂಬಿ. ಮಂಗಳೂರು, ಉಡುಪಿಯ ಮಳೆಗಾಲ ಬೇರೆಯೇ ಕಥೆ. ಅಲ್ಲಿ ಪಿನ್ನು ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತದೆ, ಸಿಲಿಕಾ ಜೆಲ್ ಪೊಟ್ಟಣ ಬೇಗನೆ ತಣಿದು ಸುಮ್ಮನಾಗುತ್ತದೆ. ಕ್ಯಾಮೆರಾದವರು ಬಳಸುವ ಡ್ರೈ ಕ್ಯಾಬಿನೆಟ್ಟನ್ನು (ತೇವ ಹಿಡಿತದಲ್ಲಿಡುವ ಕಪಾಟು) ಶೇಕಡಾ 45ರ ಆಸುಪಾಸಿನ ತೇವಾಂಶಕ್ಕೆ ಇಟ್ಟುಕೊಳ್ಳುವುದೇ ನೆಟ್ಟಗಿನ ದಾರಿ. ನುಸಿಗುಳಿಗೆ ಹಾಕಬೇಡಿ, ಆ ವಾಸನೆ ಕಾಗದಕ್ಕೆ ಹತ್ತಿದರೆ ಬಿಡುವುದಿಲ್ಲ. ಅಟ್ಟದ ಮೇಲಂತೂ ಬೇಡವೇ ಬೇಡ.