ಕಲಬುರಗಿಯಿಂದ 121 ಡಿಗ್ರಿಗೆ: ಟಕಾಬಿಶಾ ಹತ್ತಲು ಹೊರಟವರಿಗೆ

ಶರಣಬಸವೇಶ್ವರ ಜಾತ್ರೆಯಲ್ಲಿ ಜೈಂಟ್ ವೀಲ್ ಹತ್ತಿ ಇಳಿದ ದಿನವೇ ನಮ್ಮಣ್ಣನ ಮಗ ಕೇಳಿದ್ದ, "ಕಾಕಾ, ಜಪಾನಿನಾಗ ಒಂದು ರೋಲರ್ ಕೋಸ್ಟರ್ ಅದ. ಅದರ ಹಳಿ ಕೆಳಗ ಇಳಿಯೋದಷ್ಟೇ ಅಲ್ಲ, ಒಳಗ ಬಾಗೇದ. ಹೋಗೋಣೇನು?" ಮೂರು ವರ್ಷ ದುಡ್ಡು ಕೂಡಿಟ್ಟೆವು. ಕಳೆದ ನವೆಂಬರ್‌ನಲ್ಲಿ ಹೋಗಿ ಬಂದೆವು. ಈಗ ಓಣಿಯಲ್ಲಿ ಯಾರು ಸಿಕ್ಕರೂ ಮೊದಲು ಕೇಳುವುದು, "ಎಷ್ಟು ಎತ್ತರ ಅದರೀ?" ನೀವೂ ಹೋಗುವ ಯೋಚನೆಯಲ್ಲಿದ್ದರೆ ಎತ್ತರದ ಮಾತು ಬಿಡಿ. ಕೋನ ನೋಡಿ. ಇಡೀ ಪ್ರವಾಸವೇ ಆ ಕೋನಕ್ಕಾಗಿ.

ಹುಡುಗ ಹೇಳಿದ ಆ ಕೋಸ್ಟರ್, ಟಕಾಬಿಶಾ, ಬರೀ 43 ಮೀಟರ್. ನಮ್ಮ ಪಕ್ಕದ ವಿಜಯಪುರದ ಗೋಳಗುಮ್ಮಟವೇ ಸುಮಾರು 51 ಮೀಟರ್ ಇದೆ. ಟಕಾಬಿಶಾ ಇರುವ ಪಾರ್ಕಿನಲ್ಲೇ ಇರುವ ಫುಜಿಯಾಮಾ ಕೋಸ್ಟರ್ 79 ಮೀಟರ್. ಆದರೆ ಟಕಾಬಿಶಾದ ಇಳಿತ 121 ಡಿಗ್ರಿ. ನೆಲ ಅಂದರೆ ಸೊನ್ನೆ, ನೆಟ್ಟನೆಯ ಗೋಡೆ ಅಂದರೆ 90. ನಮ್ಮ ಕೋಟೆಯ ಗೋಡೆ ಮೇಲೆ ನಿಂತು ಬಗ್ಗಿ ನೋಡಿದರೆ ಗೋಡೆ ಬುಡದವರೆಗೆ ಕಾಣುತ್ತದೆ ಅಲ್ವಾ? ಆ ಗೋಡೆ ನಿಮ್ಮ ಕಾಲಡಿಯಿಂದ ಇನ್ನೂ 31 ಡಿಗ್ರಿ ಒಳಕ್ಕೆ ಸರಿದುಹೋಯಿತು ಅಂದುಕೊಳ್ಳಿ. ಆಗ ಹಳಿ ಮೇಲೆ, ನೀವು ಕೆಳಗೆ. ಬಂಡಿ ಹಳಿಗೆ ಜೋತು ಬಿದ್ದುಕೊಂಡೇ ಇಳಿಯುತ್ತದೆ.

ಇದು ಶುರುವಾಗಿದ್ದು 2011ರ ಜುಲೈನಲ್ಲಿ. ಆಗ ಜಗತ್ತಿನಲ್ಲೇ ಅತಿ ಕಡಿದಾದ ಉಕ್ಕಿನ ಕೋಸ್ಟರ್ ಎಂಬ ಗಿನ್ನೆಸ್ ದಾಖಲೆ ಇದರದಾಗಿತ್ತು. 2019ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ದೊಡ್ಡ ಮಾಲ್‌ನೊಳಗೆ ಶೆಲ್‌ರೈಸರ್ ಎಂಬ ಕೋಸ್ಟರ್ ಬಂತು. ಅದು 121.5 ಡಿಗ್ರಿ. ಅರ್ಧ ಡಿಗ್ರಿ ಜಾಸ್ತಿ, ಅಷ್ಟೇ. ಅದಕ್ಕಾಗಿ ಅಮೆರಿಕದ ವೀಸಾ, ಅಷ್ಟು ದೂರದ ವಿಮಾನದ ಖರ್ಚು ಯಾಕೆ? ಬಯಲಿನಲ್ಲಿ, ಫುಜಿ ಬೆಟ್ಟದ ಎದುರಿಗೆ ಇಳಿಯುವ ಸುಖವನ್ನು ಮಾಲ್ ಕೊಡುವುದಿಲ್ಲ. ನಾನಂತೂ ಜಪಾನ್ ಅಂತಲೇ ಹೇಳುತ್ತೇನೆ.

ಹೊರಡುವ ಮೊದಲು ಮೈಯನ್ನು ಒಮ್ಮೆ ಪರೀಕ್ಷೆ ಮಾಡಿಕೊಳ್ಳಿ. ನಾವು ಎರಡು ತಿಂಗಳ ಮುಂಚೆ ಹೈದರಾಬಾದಿನ ವಂಡರ್‌ಲಾಕ್ಕೆ ಹೋಗಿದ್ದೆವು. ಕಲಬುರಗಿಯಿಂದ ಸುಮಾರು 220 ಕಿ.ಮೀ., ಹುಮನಾಬಾದ್, ಜಹೀರಾಬಾದ್ ಮೇಲೆ ಕಾರಿನಲ್ಲಿ ಆರಾಮ. ಅಲ್ಲಿ ರಿಕಾಯಿಲ್ ಅಂತ ಒಂದು ಕೋಸ್ಟರ್ ಇದೆ. ಮುಂದಕ್ಕೆ ಹೋಗಿ ತಲೆಕೆಳಗಾಗಿಸಿ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ತರುತ್ತದೆ. ಅದರಲ್ಲಿ ಕುತ್ತಿಗೆ ಹಿಡಿದುಕೊಂಡರೆ, ತಲೆ ತಿರುಗಿ ವಾಂತಿ ಬಂದರೆ ಜಪಾನಿನ ಟಿಕೆಟ್ ತೆಗೆಯಬೇಡಿ. ಬಿಪಿ, ಹೃದಯ, ಬೆನ್ನುಹುರಿಯ ತೊಂದರೆ ಇದ್ದವರು, ಬಸುರಿಯರು ಹತ್ತಲೇಬಾರದು. ಟಕಾಬಿಶಾಕ್ಕೆ ಕನಿಷ್ಠ 125 ಸೆಂ.ಮೀ. ಎತ್ತರ ಬೇಕು. ಸಣ್ಣ ಮಕ್ಕಳಿದ್ದರೆ ಮನೆಯಲ್ಲೇ ಅಳೆದುಕೊಂಡು ಹೋಗಿ, ಅಲ್ಲಿ ಹೋಗಿ ಮಗು ಅಳುವುದು ಬೇಡ.

ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಯಾವ ದಿನ ಎಲ್ಲಿ ಇರುತ್ತೀರಿ ಎಂಬ ಪಟ್ಟಿ ರೆಡಿ ಇಟ್ಟುಕೊಳ್ಳಿ. ನಾವು ಕಲಬುರಗಿಯಿಂದ ಬೆಳಗಿನ ವಂದೇ ಭಾರತ್ ಹಿಡಿದು ಬೆಂಗಳೂರಿಗೆ ಹೋದೆವು. ಒಂದು ರಾತ್ರಿ ಅಲ್ಲಿ ತಂಗಿ, ಮರುದಿನ ಟೋಕಿಯೊದ ನರಿಟಾಕ್ಕೆ ನೇರ ವಿಮಾನ ಹತ್ತಿದೆವು. ರೈಲು ಇಳಿದ ದಿನವೇ ವಿಮಾನ ಇಟ್ಟುಕೊಳ್ಳಬೇಡಿ. ರೈಲು ತಡವಾದರೆ ಎಲ್ಲ ಕೆಡುತ್ತದೆ.

ಊಟದ ವಿಷಯ ಸಸ್ಯಾಹಾರಿಗಳು ಗಮನಿಸಿ. ಅಲ್ಲಿ ಬರೀ ತರಕಾರಿ ಅಂತ ಕಾಣುವ ಸಾರಿನಲ್ಲೂ ಮೀನಿನ ರಸ ಇರುತ್ತದೆ. ನಮ್ಮ ವೈನಿ ಇಪ್ಪತ್ತು ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದರು. ಅದೇ ನಮ್ಮನ್ನು ಕಾಪಾಡಿತು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ, ಚೀಲದಲ್ಲಿ ಹಾಕಿದರೆ ಪುಡಿಯಾಗುತ್ತದೆ. ಹಣ್ಣು, ಮಾಂಸದ ಪದಾರ್ಥ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ.

ಪಾರ್ಕಿನ ಹೆಸರು ಫುಜಿ-ಕ್ಯೂ ಹೈಲ್ಯಾಂಡ್. ಟೋಕಿಯೊದ ಶಿಂಜುಕು ಬಸ್ ಟರ್ಮಿನಲ್‌ನಿಂದ ನೇರ ಬಸ್ಸಿದೆ, ಎರಡು ಗಂಟೆಗಿಂತ ಕಡಿಮೆ ದಾರಿ. ರೈಲೂ ಇದೆ, ಪಾರ್ಕಿನ ಪಕ್ಕದಲ್ಲೇ ಸ್ಟೇಷನ್. ಸೀಟು ಮೊದಲೇ ಬುಕ್ ಮಾಡಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಬೆಳಿಗ್ಗೆ ಎಂಟರ ಬಸ್ಸು ಅಂದರೆ ನಿಮ್ಮ ಮೈಗೆ ಅದು ನಸುಕಿನ ನಾಲ್ಕೂವರೆ. ಹಾಗಾಗಿ ಟೋಕಿಯೊ ಮುಟ್ಟಿದ ಮೊದಲ ದಿನ ಪಾರ್ಕ್ ಬೇಡ, ನಿದ್ದೆ ಮಾಡಿ.

ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯ. ಪಾರ್ಕಿಗೆ ಎರಡು ದಿನ ಇಟ್ಟುಕೊಳ್ಳಿ. ಗಾಳಿ ಜೋರಾದರೆ, ಮಳೆ ಬಂದರೆ ಕೋಸ್ಟರ್ ನಿಲ್ಲಿಸುತ್ತಾರೆ. ಟಿಕೆಟ್ ಮಾಡಿಕೊಟ್ಟ ಏಜೆಂಟರು "ಒಂದೇ ದಿನ ಸಾಕು" ಅಂದಿದ್ದರು. ನಾನು ಹಟ ಹಿಡಿದು ಎರಡು ದಿನ ಮಾಡಿಸಿದೆ. ಮೊದಲ ದಿನ ಮಧ್ಯಾಹ್ನ ಸಾಲಿನಲ್ಲಿ ಅರ್ಧ ದಾರಿ ಬಂದಿದ್ದೆವು, ಗಾಳಿ ಎದ್ದಿತು, ಸಾಲು ಬಿಡಿಸಿದರು. ಹುಡುಗನ ಮುಖ ನೋಡಲು ಆಗಲಿಲ್ಲ. ಎರಡನೇ ದಿನ ಇರದಿದ್ದರೆ ಅಷ್ಟು ದೂರ ಹೋಗಿ ಬೆಟ್ಟ ನೋಡಿ ವಾಪಸ್ ಬರಬೇಕಿತ್ತು.

ಮರುದಿನ ಬುಧವಾರ. ಆಕಾಶ ತಿಳಿಯಾಗಿತ್ತು, ಗೇಟು ತೆಗೆಯುವ ಮುಂಚೆಯೇ ನಿಂತಿದ್ದೆವು. ಶನಿವಾರ, ಭಾನುವಾರ ಹೋಗಲೇಬೇಡಿ, ಸಾಲಿನಲ್ಲೇ ದಿನ ಮುಗಿಯುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಅವರಿಗೆ ದೊಡ್ಡ ರಜೆ, ಆಗಲೂ ಬೇಡ. ಹೆಚ್ಚಿನ ದುಡ್ಡು ಕೊಟ್ಟರೆ ಸಾಲು ತಪ್ಪಿಸುವ ಟಿಕೆಟ್ ಸಿಗುತ್ತದೆ. ಟಕಾಬಿಶಾ ಒಂದಕ್ಕಾದರೂ ಅದನ್ನು ತೆಗೆದುಕೊಳ್ಳಿ.

ಹತ್ತುವ ಮೊದಲು ಕನ್ನಡಕ, ಮೊಬೈಲ್, ನಾಣ್ಯ ಎಲ್ಲ ಲಾಕರ್‌ಗೆ. ಹೆಣ್ಣುಮಕ್ಕಳು ಬಂಗಾರ, ದುಪಟ್ಟಾ ಹಾಕಿಕೊಂಡು ಬರಬೇಡಿ. ಬಂಡಿಯಲ್ಲಿ ನಾಲ್ಕು ನಾಲ್ಕರಂತೆ ಎರಡೇ ಸಾಲು. ಮುಂದಿನ ಸಾಲು ಸಿಕ್ಕರೆ ಬಿಡಬೇಡಿ.

ಶುರುವಾಗುವುದು ಕತ್ತಲೆಯಲ್ಲಿ. ಸಣ್ಣದೊಂದು ಇಳಿತ, ಒಂದು ಮಗುಚು, ಆಮೇಲೆ ಬಂಡಿ ಒಂದು ಕ್ಷಣ ಸುಮ್ನೆ ನಿಲ್ಲುತ್ತದೆ. ಅಲ್ಲಿಂದ ಲೀನಿಯರ್ ಮೋಟಾರು, ಅಂದರೆ ಆಯಸ್ಕಾಂತದ ಬಲದಿಂದ ನೇರ ಮುಂದಕ್ಕೆ ತಳ್ಳುವ ಮೋಟಾರು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಗಂಟೆಗೆ 100 ಕಿ.ಮೀ. ವೇಗಕ್ಕೆ ಒಗೆಯುತ್ತದೆ. ಬೆಳಕು, ಆಕಾಶ, ನೆಲ ಎಲ್ಲ ಕಲೆಸಿಹೋಗುತ್ತವೆ. ಒಟ್ಟು ಏಳು ಸಲ ತಲೆಕೆಳಗು. ಇದರಲ್ಲಿ ಯೋಚನೆ ಮಾಡಲು ಪುರುಸೊತ್ತೇ ಇಲ್ಲ, ಅದಕ್ಕೇ ಭಯವೂ ಇಲ್ಲ.

ಭಯ ಬರುವುದು ಎಲ್ಲ ನಿಧಾನವಾದಾಗ. ಬಂಡಿ ಮೂತಿ ಮೇಲೆತ್ತಿ ನೆಟ್ಟಗೆ ನಿಲ್ಲುತ್ತದೆ. ನಾವು ಅಂಗಾತ ಮಲಗಿದ ಹಾಗೆ, ಮೊಣಕಾಲು ಆಕಾಶಕ್ಕೆ. ಬೆನ್ನ ಹಿಂದೆ ಸರಪಳಿಯ ಸದ್ದು, ಎದುರಿಗೆ ಬರೀ ನೀಲಿ. ತುದಿ ಬಂತು. ಬಂಡಿ ಇಂಚು ಇಂಚಾಗಿ ಬಾಗಿತು. ಮೊದಲು ದೂರದ ಮರಗಳು, ಆಮೇಲೆ ಪಾರ್ಕಿನ ಚಾವಣಿಗಳು, ಆಮೇಲೆ ನಮ್ಮ ಮೂಗಿನ ನೇರಕ್ಕೆ ನೆಲ. ಅಲ್ಲಿ ತಡೆದು ಹಿಡಿಯಿತು. ಮೈಯ ಭಾರ ಪೂರ್ತಿ ಹೆಗಲ ಪಟ್ಟಿಗೆ ಬಿತ್ತು, ಸೀಟಿನಿಂದ ಬೆನ್ನು ಬಿಟ್ಟುಕೊಂಡಿತು. ಪಕ್ಕದಲ್ಲಿ ಹುಡುಗ ಸಣ್ಣ ದನಿಯಲ್ಲಿ ಹೇಳಿದ, "ಕಾಕಾ, ಮುಂದ ಹಳಿನೇ ಕಾಣವಲ್ದು."

ನಿಜ. ಮುಂದಿನ ಸಾಲಿನಲ್ಲಿ ಕೂತವರಿಗೆ ಹಳಿ ಕಾಣುವುದಿಲ್ಲ, ಅದು ನಮ್ಮ ಕೆಳಗೆ ಮಡಚಿಕೊಂಡು ಹಿಂದಕ್ಕೆ ಹೋಗಿರುತ್ತದೆ. ಇಲ್ಲಿ ಧೈರ್ಯ ಕೊಡುವ ಒಂದು ವಿಷಯ ಮೊದಲೇ ತಿಳಿದುಕೊಂಡಿದ್ದೆ. ನಮ್ಮ ರೈಲಿನ ಗಾಲಿ ಹಳಿಯ ಮೇಲೆ ಕೂತಿರುತ್ತದೆ. ಈ ಕೋಸ್ಟರ್‌ಗಳಲ್ಲಿ ಹಾಗಲ್ಲ. ಉಕ್ಕಿನ ಕೊಳವೆಯಂಥ ಹಳಿಯನ್ನು ಮೇಲಿನಿಂದ ಒಂದು ಗಾಲಿ, ಬದಿಯಿಂದ ಒಂದು, ಕೆಳಗಿನಿಂದ ಒಂದು ಹಿಡಿದಿರುತ್ತವೆ. 90 ಡಿಗ್ರಿ ದಾಟಿದ ಮೇಲೆ ಬಂಡಿಯನ್ನು ಹೊರುವುದು ಆ ಕೆಳಗಿನ ಗಾಲಿ. ಕೊಳವೆಯಂಥ ಉಕ್ಕಿನ ಹಳಿ ಮೊದಲು ಬಂದದ್ದು 1959ರಲ್ಲಿ, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ. ಉಕ್ಕನ್ನು ಬೇಕಾದ ಹಾಗೆ ಬಾಗಿಸಬಹುದು ಎಂದ ಮೇಲೆ ತಾನೇ ಇಂಥ ಇಳಿತ ಸಾಧ್ಯವಾದದ್ದು?

ಅದನ್ನೆಲ್ಲ ಅವನಿಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಂಡಿ ಬಿಟ್ಟಿತು. ಹೊಟ್ಟೆ ಮೇಲೆ ಉಳಿಯಿತು, ನಾವು ಕೆಳಗೆ ಬಂದೆವು. ಹತ್ತಿದ್ದರಿಂದ ಇಳಿಯುವವರೆಗೆ ಕೆಲವೇ ನಿಮಿಷ.

ತಲೆಯನ್ನು ಸೀಟಿಗೆ ಒತ್ತಿ ಇಡಿ, ಬಗ್ಗಿ ನೋಡಲು ಹೋಗಬೇಡಿ. ಇದು ಸುಮ್ನೆ ಹೇಳುವ ಮಾತಲ್ಲ. ಅದೇ ಪಾರ್ಕಿನ ಡೊ-ಡೊಡೊನ್ಪಾ ಎಂಬ ಕೋಸ್ಟರಿನಲ್ಲಿ ಕೆಲವರ ಮೂಳೆ ಮುರಿದವು. 2021ರಲ್ಲಿ ಅದನ್ನು ನಿಲ್ಲಿಸಿದರು, 2024ರಲ್ಲಿ ಖಾಯಂ ಮುಚ್ಚಿದರು. ಹಳೆಯ ವಿಡಿಯೊ ನೋಡಿ ಅದನ್ನು ಹುಡುಕಿಕೊಂಡು ಹೋಗಬೇಡಿ. ಹತ್ತುವ ಎರಡು ಗಂಟೆ ಮುಂಚೆ ಹೊಟ್ಟೆ ತುಂಬ ತಿನ್ನಬೇಡಿ. ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ತಲೆ ಸುತ್ತುತ್ತದೆ. ನಾವು ಬೆಳಿಗ್ಗೆ ಒಂದೊಂದು ಶೇಂಗಾ ಹೋಳಿಗೆ ತಿಂದು ಹೋಗಿದ್ದೆವು, ಸರಿಹೋಯಿತು.

ಸಂಜೆ ಟೋಕಿಯೊಗೆ ಓಡಬೇಡಿ. ಒಂದು ಸ್ಟೇಷನ್ ಮುಂದೆ ಕವಾಗುಚಿಕೋ, ಅಲ್ಲೇ ಕೆರೆ ಹತ್ತಿರ ರೂಮು ಸಿಗುತ್ತದೆ. ನಾವು ಎರಡೂ ರಾತ್ರಿ ಅಲ್ಲಿ ಉಳಿದೆವು. ಎರಡನೇ ರಾತ್ರಿ ಡಬ್ಬಿಯಲ್ಲಿ ಮೂರು ರೊಟ್ಟಿ ಉಳಿದಿದ್ದವು. ಹುಡುಗ ಒಂದು ರೊಟ್ಟಿಯನ್ನು ಟೇಬಲ್ಲಿನ ಅಂಚಿಗಿಟ್ಟು ಮುರಿದ. ಒಂದು ತುಂಡನ್ನು ಒಳಕ್ಕೆ ಓರೆ ಹಿಡಿದು ಅವರಪ್ಪನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದ, "ಅಪ್ಪಾ, ನೋಡು, ಹಿಂಗ ಇತ್ತು."