ಅದನ್ನ ಓದಿ ಕೊಪ್ಪಳದಾಗ ಏನ್ ಮಾಡ್ತೀರಿ?

"ಎಲ್‌ಎಲ್‌ಎಂ ಯಾವುದರಾಗ ಮಾಡೀರಿ?" ಅಂತ ಕೊಪ್ಪಳದಲ್ಲಿ ವಕೀಲಿ ಮಾಡುವ ನನ್ನನ್ನು ಕೇಳುತ್ತಾರೆ. ಅದು ಕಾನೂನಿನ ಸ್ನಾತಕೋತ್ತರ ಪದವಿ. ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನು ಅನ್ನುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದಿನ ಪ್ರಶ್ನೆ ಹಾಕುತ್ತಾರೆ: "ಅದನ್ನ ತಗೊಂಡು ಕೊಪ್ಪಳದಾಗ ಏನ್ ಮಾಡ್ತೀರಿ?" ಕೋರ್ಟಿನ ಎದುರು ಚಹಾ ಮಾರುವವರಿಂದ ಹಿಡಿದು ಹೊಸ ಜೂನಿಯರ್‌ಗಳವರೆಗೆ ಎಲ್ಲರೂ ಕೇಳಿದ್ದಾರೆ. ನಮ್ಮವ್ವ ಈಗಲೂ ಕೇಳುತ್ತಾಳೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ನಮ್ಮ ಮನೆ ನಡೆಯೋದು ಪಾಲಿನ ದಾವೆ, ಚೆಕ್ ಬೌನ್ಸ್, ಅಪಘಾತದ ಕ್ಲೇಮುಗಳಿಂದ. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಇರುವ ಜಿನೀವಾದಿಂದ ಯಾರೂ ಫೀ ಕಳಿಸುವುದಿಲ್ಲ.

ಇನ್ನು ಉಪಯೋಗ. ಕೆಲವು ವರ್ಷಗಳ ಹಿಂದೆ ಕುಷ್ಟಗಿ ಕಡೆಯ ಒಬ್ಬ ತಾಯಿ ಬಂದಿದ್ದರು. ಸಣ್ಣ ವಯಸ್ಸಿನಲ್ಲೇ ಅವರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ಕ್ಯಾರಿಬ್ಯಾಗಿನಿಂದ ಮಗಳ ಕಾಗದ ತೆಗೆದು ಮೇಜಿನ ಮೇಲೆ ಹರವಿದರು. ಶಾಲೆಯ ದಾಖಲೆಯಲ್ಲಿ ತಂದೆ ಹೆಸರಿನ ಜಾಗದಲ್ಲಿ ಸೋದರಮಾವನ ಹೆಸರು. ಇನ್ನೊಂದರಲ್ಲಿ ದೇವರ ಹೆಸರು. ಮೂರನೆಯದರಲ್ಲಿ ಏನೋ ಬರೆದು, ವೈಟ್ನರ್ ಹಚ್ಚಿ, ಅದರ ಮೇಲೆ ಗೀಟು ಎಳೆದಿದ್ದರು. ಖಾಲಿ ಬಿಟ್ಟರೆ ಅರ್ಜಿ ತಗೊಳ್ಳಲ್ಲ ಅಂತ ಒಂದು ಕಚೇರಿಯಲ್ಲಿ ವಾಪಸ್ ಕಳಿಸಿದ್ದರಂತೆ. ಹುಡುಗಿ ಬಾಗಿಲ ಹತ್ತಿರವೇ ನಿಂತಿದ್ದಳು, ಒಳಗೆ ಬರಲಿಲ್ಲ.

ದೇವದಾಸಿ ಪದ್ಧತಿ ತಡೆಯಲು ನಮ್ಮ ರಾಜ್ಯದ 1982ರ ಕಾಯ್ದೆ ಇತ್ತು. ಮುತ್ತು ಕಟ್ಟಿದವರಿಗೆ ಶಿಕ್ಷೆ ಅದರಲ್ಲಿತ್ತು, ಈ ಖಾಲಿ ಜಾಗಕ್ಕೆ ಉತ್ತರ ಸಿಗಲಿಲ್ಲ. ಆಗ ನೆನಪಾದದ್ದು ಓದುವಾಗ ನನ್ನ ತಲೆ ತಿಂದಿದ್ದ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, ಅಂದರೆ ದೇಶಗಳು ಸೇರಿ ಮಾಡಿಕೊಂಡ ಒಪ್ಪಂದ. ಭಾರತ ಅದಕ್ಕೆ ಸೇರಿದ್ದು 1992ರಲ್ಲಿ. ಹೆತ್ತವರ ಸ್ಥಾನಮಾನ ನೋಡಿ ಮಗುವಿಗೆ ಭೇದ ಮಾಡಬಾರದು ಅನ್ನುತ್ತದೆ ಅದರ 2ನೇ ವಿಧಿ. 2015ರಲ್ಲಿ ಮದುವೆಯಾಗದ ತಾಯಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಒಡಂಬಡಿಕೆಯನ್ನೂ ತೆಗೆದು ನೋಡಿತ್ತು. ಮಗುವಿನ ಪಾಲಕಳಾಗಲು ತಂದೆಯ ಹೆಸರು ಹೇಳು ಅಂತ ಒತ್ತಾಯ ಮಾಡುವಂತಿಲ್ಲ, ತಾಯಿ ಅಫಿಡವಿಟ್ ಕೊಟ್ಟರೆ ಜನನ ಪ್ರಮಾಣಪತ್ರ ಕೊಡಬೇಕು ಅಂದಿತ್ತು. ಆ ತೀರ್ಪಿನ ಪ್ರತಿ ಹಚ್ಚಿ ಒಂದು ಪುಟದ ಅರ್ಜಿ ಬರೆದೆ. ಮಾನವ ಹಕ್ಕು ಅನ್ನುವ ಪದವನ್ನೇ ಹಾಕಲಿಲ್ಲ. ಆ ಪದ ಕಂಡರೆ ಕೆಲವು ಅಧಿಕಾರಿಗಳು ಯಾರೋ ಜಗಳಕ್ಕೆ ಬಂದರು ಅಂದುಕೊಳ್ಳುತ್ತಾರೆ. ಮೂರನೇ ಸಲ ಹೋದಾಗ ತಾಯಿಯ ಹೆಸರಿನಲ್ಲೇ ಅರ್ಜಿ ತಗೊಂಡರು.

ಹಾಗಂತ ಜಾಸ್ತಿ ಆಸೆಯೂ ಬೇಡ. ಭಾರತ ಒಪ್ಪಿದ ಮಾತ್ರಕ್ಕೆ ಒಡಂಬಡಿಕೆ ನಮ್ಮ ಕೋರ್ಟಿನಲ್ಲಿ ಕಾನೂನಾಗುವುದಿಲ್ಲ, ಅದಕ್ಕೆ ಸಂಸತ್ತು ಕಾಯ್ದೆ ಮಾಡಬೇಕು. ಕಾಯ್ದೆ ಇಲ್ಲದ ಕಡೆ ಕೆಲವೊಮ್ಮೆ ಕೋರ್ಟು ಅದನ್ನು ಆಸರೆಗೆ ಹಿಡಿಯುತ್ತದೆ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಹಾಗೇ ಬಂದದ್ದು. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಕಾಯ್ದೆ ಆದದ್ದು 2013ರಲ್ಲಿ. ಅಲ್ಲಿಯವರೆಗೆ 16 ವರ್ಷ ಹೆಣ್ಣುಮಕ್ಕಳ ಕೈಯಲ್ಲಿದ್ದದ್ದು ಆ ತೀರ್ಪಿನ ನಿಯಮಗಳು. ಚಿತ್ರಹಿಂಸೆ ವಿರುದ್ಧದ ಒಡಂಬಡಿಕೆಗೆ ಅದೇ 1997ರಲ್ಲಿ ಸಹಿ ಹಾಕಿದ್ದೇವೆ, ಅನುಮೋದನೆ ಮಾತ್ರ ಕೊಟ್ಟಿಲ್ಲ. ನಿಶ್ಚಯ ಆಗಿದೆ, ಅಕ್ಕಿಕಾಳು ಬಿದ್ದಿಲ್ಲ.

"ಹಾಗಾದ್ರ ನಾನೂ ಓದಲೇನ್ರಿ?" ಅನ್ನುವ ಜೂನಿಯರ್‌ಗಳಿಗೆ, ಮೊದಲು ಎರಡು ವರ್ಷ ಕೋರ್ಟಿನಲ್ಲಿ ನಿಲ್ಲಿ ಅನ್ನುತ್ತೇನೆ. ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಗೊತ್ತಿಲ್ಲದೆ ಒಡಂಬಡಿಕೆ ಓದಿದರೆ ಅದು ಬರೀ ಚಂದದ ಮಾತು, ಅಲ್ವಾ? ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ ಎರಡು ವರ್ಷದ ಅನುಭವ ಕೇಳುತ್ತಾರೆ. ಊರು ಬಿಡಲಾಗದವರಿಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ದೂರಶಿಕ್ಷಣದ ಡಿಪ್ಲೊಮಾ ಇದೆ. ಇಂಗ್ಲಿಷಿಗೆ ಹೆದರಬೇಡಿ. ನಾನೂ ಕನ್ನಡ ಮಾಧ್ಯಮವೇ. ಮೊದಲ ತಿಂಗಳು 'ಶಲ್' (ಮಾಡಲೇಬೇಕು) ಮತ್ತು 'ಶುಡ್' (ಮಾಡಿದರೆ ಒಳ್ಳೇದು) ನಡುವಿನ ಫರಕು ತಿಳಿಯೋದರಲ್ಲೇ ಹೋಯಿತು.

ಓದದಿದ್ದರೂ ಒಂದು ವಿಷಯ ಗೊತ್ತಿರಲಿ. ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ ದೂರು ಬರೆಯಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಆದರೆ 1993ರ ಕಾಯ್ದೆಯ 36ನೇ ಕಲಮಿನ ಪ್ರಕಾರ, ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಮಾಡುವಂತಿಲ್ಲ. ಮೊನ್ನೆ ಒಬ್ಬರು ಗಂಗಾವತಿಯಿಂದ ಬಂದಿದ್ದರು. ಕಾಗದಪತ್ರ ಎಲ್ಲ ಜೋಡಿಸಿ ನೀಟಾಗಿ ದಾರ ಕಟ್ಟಿದ್ದರು. ಘಟನೆ ನಡೆದು ಹದಿನಾಲ್ಕು ತಿಂಗಳಾಗಿತ್ತು.