ಕವಿಮನೆಯಲ್ಲಿ ಮಾತು ಶುರುವಾಗಬೇಕಾದದ್ದು ಅಡುಗೆಮನೆಯಿಂದ

ಮಲೆನಾಡಿನಲ್ಲಿ ತಂಡಗಳನ್ನು ಕರೆದುಕೊಂಡು ಸುತ್ತಾಡಿಸುವುದು ನನ್ನ ಕಸುಬು. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಕುವೆಂಪು ಬೆಳೆದ ಕುಪ್ಪಳಿಯ ಕವಿಮನೆಗೆ ಹೊರಡುವ ಮುನ್ನ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅಲ್ಲಿ ಏನೇನು ಹೇಳಬೇಕು? ಬಾಗಿಲಲ್ಲಿ ನಿಂತು ಏನನ್ನೂ ಹೇಳಬೇಡಿ ಎನ್ನುತ್ತೇನೆ. ಪ್ರಶಸ್ತಿಗಳ ಸುದ್ದಿಯನ್ನಂತೂ ಅಲ್ಲಿ ಎತ್ತಲೇಬೇಡಿ. 1958ರ ಪದ್ಮಭೂಷಣ, 1964ರ ರಾಷ್ಟ್ರಕವಿ ಗೌರವ, ಗುಜರಾತಿಯ ಉಮಾಶಂಕರ ಜೋಶಿಯವರೊಂದಿಗೆ ಹಂಚಿಕೊಂಡ 1967ರ ಜ್ಞಾನಪೀಠ, 1988ರ ಪದ್ಮವಿಭೂಷಣ, ಇವೆಲ್ಲ ಮಾರ್ಗದರ್ಶಿಯ ನಾಲಿಗೆಯ ತುದಿಯಲ್ಲಿರಬೇಕು ನಿಜ. ಕೇಳಿದವರಿಗೆ ತಪ್ಪಿಲ್ಲದೆ ಹೇಳಬೇಕು. ಆದರೆ ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ಅದನ್ನೆಲ್ಲ ಸುರಿದುಬಿಟ್ಟರೆ ಒಳಗೆ ಹೋದಮೇಲೆ ಅವರ ಕಣ್ಣು ಪದಕಗಳನ್ನೇ ಹುಡುಕುತ್ತದೆ, ಮನೆಯನ್ನು ನೋಡುವುದಿಲ್ಲ. ಈ ಮನೆ ಸಾಕಿದ್ದು ಪುಟ್ಟಪ್ಪನೆಂಬ ಹುಡುಗನನ್ನು. ಆ ಹುಡುಗ ಇಲ್ಲಿ ಏನು ಕಂಡ, ಏನು ಕೇಳಿಸಿಕೊಂಡ ಎಂಬುದನ್ನು ತೋರಿಸಿಕೊಡುವುದು ನಮ್ಮ ಕೆಲಸ.

ಒಂದು ವಿಷಯದಲ್ಲಿ ಮಾತ್ರ ಮೊದಲೇ ಬಾಯಿ ಬಿಡುತ್ತೇನೆ. ‘ಕುವೆಂಪು ಹುಟ್ಟಿದ ಮನೆ’ ಎಂದು ಹೇಳಿಕೊಂಡೇ ಬಹಳ ಜನ ಇಲ್ಲಿಗೆ ಬರುತ್ತಾರೆ. ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಿನಲ್ಲಿ. ಬೆಳೆದದ್ದು ಇಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ, ತಂದೆ ವೆಂಕಟಪ್ಪ ಗೌಡರ ಮನೆಯಲ್ಲಿ. ನಾವು ಈಗ ನೋಡುವುದು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಜೀರ್ಣೋದ್ಧಾರ ಮಾಡಿಸಿ ವಸ್ತುಸಂಗ್ರಹಾಲಯವಾಗಿ ರೂಪಿಸಿದ ಮನೆ ಎಂಬುದನ್ನೂ ಆಗಲೇ ತಿಳಿಸುತ್ತೇನೆ. ಇದರಿಂದ ಯಾರ ಉತ್ಸಾಹವೂ ಕುಗ್ಗಿದ್ದನ್ನು ಕಂಡಿಲ್ಲ. ಮೊದಲ ಮಾತೇ ಸರಿಯಾಗಿದ್ದರೆ ಮುಂದಿನ ಮಾತುಗಳನ್ನು ಜನ ನಂಬಿ ಕೇಳುತ್ತಾರೆ.

ಒಳಗೆ ಹೋದ ಕೂಡಲೇ ತೊಟ್ಟಿಯ ಸುತ್ತಲ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸುತ್ತೇನೆ. ಶಾಲೆಯ ಮಕ್ಕಳಾದರೆ ಕಣ್ಣು ಮುಚ್ಚಿಕೊಂಡು ಕಿವಿಗೆ ಬಿದ್ದದ್ದನ್ನೆಲ್ಲ ನೆನಪಿಟ್ಟುಕೊಳ್ಳಿ ಎನ್ನುತ್ತೇನೆ. ದೊಡ್ಡವರಿಗೆ ಹಾಗೆ ಹೇಳಬೇಕಾಗಿಲ್ಲ, ಕೂತರೆ ಸಾಕು, ತಾವಾಗಿಯೇ ಸುಮ್ಮನಾಗುತ್ತಾರೆ. ತೊಟ್ಟಿಮನೆಯ ರಚನೆ ವಿವರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನಡುವೆ ಆಕಾಶಕ್ಕೆ ತೆರೆದ ಅಂಗಳ, ನಾಲ್ಕೂ ಕಡೆಯಿಂದ ಅದರತ್ತ ಇಳಿಜಾರಾಗಿ ಬಂದ ಮಾಡು. ಮಳೆ ಹಿಡಿದರೆ ನಾಲ್ಕೂ ಸೂರುಗಳಿಂದ ನೀರು ಆ ಅಂಗಳಕ್ಕೇ ಬೀಳುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ಇದೇ ತಾಲ್ಲೂಕಿನಲ್ಲಿದೆ. ಇಲ್ಲಿಯ ಮುಂಗಾರು ಎಂದರೆ ದಿನಗಟ್ಟಲೆ ಬಿಡದೆ ಹೊಯ್ಯುವ ಮಳೆ. ಅಂಥ ತಿಂಗಳುಗಳಲ್ಲಿ ಮನೆಯೊಳಗೇ ಕಟ್ಟುಬಿದ್ದ ಮಗು ಹಗಲಿರುಳು ಆ ಸದ್ದಿನ ನಡುವೆಯೇ ಇರುತ್ತದೆ. ಮುಂದೆ ಅದೇ ಮಗು ಮಳೆಯ ಬಗ್ಗೆ, ಕಾಡಿನ ಬಗ್ಗೆ ಬರೆದದ್ದನ್ನು ಓದಿದವರಿಗೆ ಇಷ್ಟು ಹೇಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಓದದವರಿಗೆ ಓದಬೇಕೆನಿಸುತ್ತದೆ. ಮಳೆಗಾಲದಲ್ಲಿ ತಂಡ ತಂದಾಗಲಂತೂ ನನ್ನ ಅರ್ಧ ಕೆಲಸವನ್ನು ಸೂರಿನ ನೀರೇ ಮಾಡಿಬಿಡುತ್ತದೆ.

ಆಮೇಲೆ ಅಡುಗೆಮನೆ. ಹೆಚ್ಚಿನ ಮಾರ್ಗದರ್ಶಿಗಳು ಇಲ್ಲಿ ‘ಇವು ಆ ಕಾಲದ ಪಾತ್ರೆಗಳು’ ಎಂದು ಹೇಳಿ ಮುಂದೆ ಸಾಗುತ್ತಾರೆ. ನನಗೆ ಅದು ಸರಿಬರುವುದಿಲ್ಲ. ಮನೆಯನ್ನು ನಡೆಸಿದ್ದು ಈ ಕೋಣೆ. ಮನೆಯವರಿಗೆ, ಆಳುಗಳಿಗೆ, ಬಂದುಹೋಗುವ ನೆಂಟರಿಗೆ ದಿನವೂ ಬೇಯಿಸಿ ಹಾಕಿದ ಜಾಗ. ಹೊಗೆಯ ವಿಷಯವನ್ನು ಎತ್ತುವುದೂ ಇಲ್ಲಿಯೇ. ಸೌದೆ ಒಲೆಯ ಹೊಗೆ ದಿನವೂ ಅಟ್ಟಕ್ಕೇರಿ ಮರದ ತೊಲೆಗಳನ್ನು ಒಣಗಿಸಿ ಇಡುತ್ತಿತ್ತು, ಹುಳು ಹತ್ತದಂತೆ ಕಾಯುತ್ತಿತ್ತು. ಮನೆ ವಸ್ತುಸಂಗ್ರಹಾಲಯವಾದಾಗ ಒಲೆ ಆರುತ್ತದೆ. ಮಲೆನಾಡಿನ ತೇವಕ್ಕೆ, ಗೆದ್ದಲಿಗೆ ಬಾಗಿಲು ತೆರೆಯುವುದು ಆವಾಗಲೇ. ಹಳೆಯ ಮರದ ಮನೆಯನ್ನು ಬರಿದೆ ಬೀಗ ಹಾಕಿ ಕಾಪಾಡಲು ಆಗುವುದಿಲ್ಲ ಎಂಬುದು ಇಷ್ಟರಿಂದಲೇ ಜನರಿಗೆ ಗೊತ್ತಾಗುತ್ತದೆ. ಪ್ರವೇಶ ಶುಲ್ಕ ಯಾಕೆ ಎಂದು ಬಸ್ಸಿನಲ್ಲಿ ಗೊಣಗಿದವರು ಸಹ ಇದನ್ನು ಕೇಳಿದ ಮೇಲೆ ಬೇರೆ ರೀತಿ ಮಾತಾಡುತ್ತಾರೆ.

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠವೂ ಹಳೆಯ ಮನೆಸಾಮಾನುಗಳ ಎದುರಿಗೇ ಸಿಕ್ಕಿದ್ದು. ಬಯಲುಸೀಮೆಯ ಕಡೆಯಿಂದ ಒಂದು ಮಹಿಳಾ ಸಂಘದ ತಂಡ ಬಂದಿತ್ತು. ಹೆಚ್ಚಿನವರು ಹೊಲದಲ್ಲಿ ದುಡಿದವರು. ಕವಿಯ ಹೆಸರು ಕೇಳಿದ್ದರು, ಪುಸ್ತಕ ಓದಿದವರು ಕಡಿಮೆ. ಅವರಲ್ಲೊಬ್ಬ ಅಜ್ಜಿ ಒನಕೆಯ ಮುಂದೆ ನಿಂತವರು ಕದಲಲೇ ಇಲ್ಲ. ಮುಟ್ಟಬಾರದೆಂದು ಗೊತ್ತಿದ್ದುದರಿಂದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಬಗ್ಗಿ ಬಗ್ಗಿ ನೋಡಿದರು. “ತಮ್ಮಾ, ಇಲ್ಲಿ ನೋಡು, ಎರಡು ಕಡೆ ಸವೆದಿದೆ. ಎತ್ತರದ ಹೆಂಗಸು ಹಿಡಿದದ್ದು ಮೇಲೆ, ಗಿಡ್ಡವಳು ಹಿಡಿದದ್ದು ಕೆಳಗೆ” ಎಂದರು. ನಾನು ಬಗ್ಗಿ ನೋಡಿದೆ. ನುಣುಪಾದ ಮರದಲ್ಲಿ ಒಂದು ಗೇಣಿನ ಅಂತರದಲ್ಲಿ ಎರಡು ತಗ್ಗುಗಳು, ಬೆಳಕಿಗೆ ಓರೆಯಾಗಿ ನಿಂತರೆ ಮಾತ್ರ ಕಾಣುವಂಥವು. ತುದಿಯ ಕಬ್ಬಿಣದ ಬಳೆಯನ್ನು ತೋರಿಸಿ ಅದು ಮರ ಸೀಳದಂತೆ ಹಾಕಿದ್ದು ಎಂದರು. ಆಮೇಲೆ ಮೆಲ್ಲಗೆ ಕೇಳಿದರು: “ನಿಮ್ಮ ಕಡೆ ಕುಟ್ಟುವಾಗ ಹಾಡುತ್ತಿದ್ದರೇನು? ನಾವು ಜೋಳ ಬೀಸುವಾಗ ಹಾಡುತ್ತಿದ್ದೆವು.” ಸುತ್ತಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ತಮ್ಮ ಮನೆಯ ಬೀಸುಕಲ್ಲಿನ ಕಥೆ ಶುರುಮಾಡಿದರು. ನಾನು ಗೋಡೆಗೆ ಒರಗಿ ಕೇಳುತ್ತ ನಿಂತೆ.

ಆ ತಂಡಕ್ಕೆ ಕುವೆಂಪು ಯಾರು ಎಂದು ಹೇಳುವುದು ಅಲ್ಲಿಂದ ಮುಂದೆ ಎಷ್ಟು ಹಗುರವಾಯಿತೆಂದರೆ, ನಾನು ಹೆಚ್ಚು ಮಾತೇ ಆಡಬೇಕಾಗಲಿಲ್ಲ. ಇಂಥ ದುಡಿಮೆಯ ನಡುವೆ ಬೆಳೆದ ಹುಡುಗ ಮುಂದೆ ಕಾದಂಬರಿ ಬರೆದಾಗ ಗೌಡರು, ಹೆಗ್ಗಡೆಗಳ ಜೊತೆಗೆ ಗದ್ದೆಯ ಆಳುಗಳನ್ನು, ಜೀತದವರನ್ನು, ಮನೆಯ ಹೆಣ್ಣುಮಕ್ಕಳನ್ನು ಅಷ್ಟೇ ಆಸ್ಥೆಯಿಂದ ಬರೆದರು ಎಂದೆ. ಅಜ್ಜಿ ತಲೆಯಾಡಿಸಿ, “ನೋಡಿದವನು ಬರೆದಿದ್ದಾನೆ” ಎಂದರು. ಅಂದಿನಿಂದ ನಾನು ತಂಡದಲ್ಲಿ ವಯಸ್ಸಾದವರನ್ನು ಮೊದಲು ಗುರುತಿಸಿಕೊಳ್ಳುತ್ತೇನೆ. ಯಾವುದಾದರೂ ಸಲಕರಣೆಯ ಎದುರು ನಿಲ್ಲಿಸಿ ‘ಇದರ ಕೆಲಸ ಏನು, ಹೇಳಿ’ ಎಂದು ಅವರನ್ನೇ ಕೇಳುತ್ತೇನೆ. ಮೊಮ್ಮಕ್ಕಳ ಎದುರು ಅವರು ವಿವರಿಸುವ ಹುರುಪನ್ನು ನೋಡಬೇಕು. ನಾನು ವಿವರಿಸಿದ್ದರೆ ಆ ಮಕ್ಕಳು ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಮಕ್ಕಳಿಗೆ ಹಿಡಿಸುವುದು ಬೇರೆಯದು. ಬೆಳಿಗ್ಗೆ ಶಾಲೆಯ ಪ್ರಾರ್ಥನೆಯಲ್ಲಿ ಅವರು ಹಾಡುವ ನಾಡಗೀತೆ ಕುವೆಂಪು ಬರೆದದ್ದು, 2004ರಲ್ಲಿ ಸರ್ಕಾರ ಅದನ್ನು ನಾಡಗೀತೆಯೆಂದು ಅಂಗೀಕರಿಸಿತು ಎಂಬುದು ಅವರಿಗೆ ಪುಸ್ತಕದಿಂದ ಗೊತ್ತು. ಅದನ್ನು ಬರೆದವರಿಗೆ ಮೊದಲು ಅಕ್ಷರ ಕಲಿಸಲು ದಕ್ಷಿಣ ಕನ್ನಡದಿಂದ ಮೇಷ್ಟ್ರನ್ನು ಕರೆಸಿ ಮನೆಯಲ್ಲೇ ಪಾಠ ಹೇಳಿಸಿದರು, ಆಮೇಲೆ ತೀರ್ಥಹಳ್ಳಿಯ ಶಾಲೆಗೆ ಕಳಿಸಿದರು, ಸುಮಾರು 12ರ ವಯಸ್ಸಿಗೆ ಆ ಹುಡುಗ ತಂದೆಯನ್ನು ಕಳೆದುಕೊಂಡ ಎಂದಾಗ ಮಕ್ಕಳು ಒಮ್ಮೆಲೇ ಗಂಭೀರರಾಗುತ್ತಾರೆ. ತಂದೆಯ ವಿಷಯವನ್ನು ನಾನು ಒಂದೇ ವಾಕ್ಯದಲ್ಲಿ ಹೇಳಿ ನಿಲ್ಲಿಸುತ್ತೇನೆ. ಅದನ್ನು ಎಳೆದು ಕಣ್ಣೀರು ತರಿಸುವ ಮಾರ್ಗದರ್ಶಿಗಳಿದ್ದಾರೆ. ಹಾಗೆ ಮಾಡುವುದು ಸತ್ತವರಿಗೂ ಕೇಳುವ ಮಕ್ಕಳಿಗೂ ಅನ್ಯಾಯ.

ಇದು ಮೂರು ಅಂತಸ್ತಿನ ಮನೆ. ಪುಸ್ತಕಗಳು, ಛಾಯಾಚಿತ್ರಗಳು, ಹಸ್ತಪ್ರತಿಗಳನ್ನು ನೋಡಲು ಜನರನ್ನು ಅವರ ಪಾಡಿಗೆ ಬಿಡುತ್ತೇನೆ. ಓದುವವರು ಓದುತ್ತಾರೆ. ನನ್ನ ಎಚ್ಚರಿಕೆಯೆಲ್ಲ ಏಣಿಮೆಟ್ಟಿಲಿನ ಮೇಲೆ. ಹಳೆಯ ಮನೆಗಳ ಮೆಟ್ಟಿಲು ಕಡಿದು, ತಲೆಗೆ ತೊಲೆ ತಾಗುತ್ತದೆ. ಹತ್ತು ಹತ್ತು ಜನರಂತೆ ಕಳಿಸುವುದು ಒಳ್ಳೆಯದು. ಮರದ ಮಹಡಿಗೂ ಅದೇ ಹಿತ.

2015ರಲ್ಲಿ ಇಲ್ಲಿ ಕಳ್ಳತನವಾಗಿ ಪದ್ಮ ಪ್ರಶಸ್ತಿಯ ಪದಕಗಳು ಹೋದದ್ದನ್ನು ಪತ್ರಿಕೆಯಲ್ಲಿ ಓದಿ ನೆನಪಿಟ್ಟುಕೊಂಡವರು ಒಬ್ಬರಾದರೂ ತಂಡದಲ್ಲಿ ಇರುತ್ತಾರೆ. ಅವರು ಕೇಳಿದರೆ ಮುಚ್ಚುಮರೆಯಿಲ್ಲದೆ ಹೌದು ಎನ್ನಬೇಕು. ಕಳ್ಳನಿಗೆ ಬೇಕಾದದ್ದು ಲೋಹ. ಆ ಒನಕೆಯನ್ನು ಅವನು ತಿರುಗಿಯೂ ನೋಡಿರಲಾರ. ಎರಡು ತಗ್ಗುಗಳ ಆ ಮರದ ತುಂಡು ಹೋಗಿದ್ದರೆ ನನಗೆ ಹೆಚ್ಚು ಸಂಕಟವಾಗುತ್ತಿತ್ತು ಎಂದು ಹೇಳಿದರೆ ಕೆಲವರು ಅಚ್ಚರಿಪಡುತ್ತಾರೆ. ನಾನು ಮನಸ್ಸಿನಿಂದಲೇ ಹೇಳುತ್ತೇನೆ.

ಮನೆಯಾದ ಮೇಲೆ ಹತ್ತಿರದ ಬಂಡೆಗಳ ಗುಡ್ಡ, ಕವಿಶೈಲ. ಕಾಲಿನಲ್ಲಿ ಶಕ್ತಿಯಿರುವವರನ್ನು ನಡೆಸಿಯೇ ಕರೆದೊಯ್ಯುತ್ತೇನೆ. ಹುಡುಗ ಈ ಬಂಡೆಗಳಿಗೆ ಏರಿ ಬಂದದ್ದು ಕಾಲ್ನಡಿಗೆಯಲ್ಲೇ ತಾನೇ. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡ ಕವಿಯ ಅಂತ್ಯಸಂಸ್ಕಾರ ನಡೆದದ್ದು ಇಲ್ಲಿ. ಸುತ್ತ ನಿಲ್ಲಿಸಿದ ಭಾರೀ ಕಲ್ಲುಗಳ ಮುಂದೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ತೆಗೆಯಲಿ. ಅದು ಮುಗಿದ ಮೇಲೆ ಬಂಡೆಯ ಮೇಲೆ ಕೆತ್ತಿದ ಹಸ್ತಾಕ್ಷರಗಳನ್ನು ತೋರಿಸುತ್ತೇನೆ: ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ, ಅವರ ಜೊತೆಗೆ ಕುವೆಂಪು. ಗುರುಗಳನ್ನು ತನ್ನೂರಿನ ಬಂಡೆಗೆ ಕರೆತಂದ ಶಿಷ್ಯನ ಸಂಭ್ರಮ ಅದರಲ್ಲಿದೆ. ಅದರ ಪಕ್ಕದಲ್ಲಿ ತಮ್ಮ ಹೆಸರನ್ನೂ ಗೀಚಲು ಹೊರಡುವವರನ್ನು ನಾನು ಗದರಿಸಿಯೇ ತಡೆಯುತ್ತೇನೆ. ಈ ಒಂದು ವಿಷಯದಲ್ಲಿ ನಯವಾಗಿ ಮಾತಾಡುವ ಅಗತ್ಯ ಕಂಡಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಕುಪ್ಪಳಿಯಲ್ಲೇ ಇದೆ. ಕಾಲೇಜು ಹುಡುಗರು ಅದನ್ನು ಬಿಟ್ಟು ಬರುವುದಿಲ್ಲ. ಎಷ್ಟೋ ತಂಡಗಳಲ್ಲಿ ಅಪ್ಪನ ಮನೆಗೆ ಜನರನ್ನು ಕರೆತರುವುದು ಮಗನ ಓದುಗರೇ.

ಕೊನೆಗೆ ಸಮಯದ ಮಾತು. ಶೃಂಗೇರಿ, ಕುಪ್ಪಳಿ, ಆಗುಂಬೆಯ ಸೂರ್ಯಾಸ್ತ, ಮೂರನ್ನೂ ಒಂದೇ ದಿನಕ್ಕೆ ಕಟ್ಟಿಕೊಡುವ ಪ್ರವಾಸ ಸಂಸ್ಥೆಗಳಿವೆ. ಅಂಥ ದಿನ ಕವಿಮನೆಗೆ ಉಳಿಯುವುದು ಅರ್ಧ ಗಂಟೆ. ಜಗಲಿಯಲ್ಲಿ ಕೂರಲು ಬಿಡುವಿಲ್ಲ, ಅಜ್ಜಿಯರು ಒನಕೆಯ ಮುಂದೆ ನಿಲ್ಲುವಂತಿಲ್ಲ. ನಾನು ಒಪ್ಪಿಕೊಳ್ಳುವ ಮುನ್ನವೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಮನೆಗೆ ಎರಡು ಗಂಟೆ, ಕವಿಶೈಲಕ್ಕೆ ಒಂದು ಗಂಟೆ. ಸೂರ್ಯಾಸ್ತವನ್ನು ಕವಿಶೈಲದಿಂದಲೇ ನೋಡಿ, ಆಗುಂಬೆಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಒಪ್ಪದ ತಂಡಗಳಿಗೆ ಬೇರೆ ಮಾರ್ಗದರ್ಶಿಯ ಫೋನ್ ನಂಬರ್ ಕೊಡುತ್ತೇನೆ.